ಎಲೆಯ ಚುಕ್ಕೆ ಯಾವುದರಲ್ಲಿ ಕಂಡಿತು? ವೆಬ್‌ಸೈಟಿಗೆ ಲೈವ್ ಸಭೆ ಜೋಡಿಸಲು ನಾಲ್ಕು ದಾರಿ ನೋಡಿದ್ದು

ಹಾಸನದ ಸುತ್ತ ಆಲೂಗಡ್ಡೆ ಹಾಕುವವರಿಗೆ ಜುಲೈ, ಆಗಸ್ಟ್ ಬಂತು ಅಂದರೆ ಎದೆಯಲ್ಲಿ ಅಳುಕು. ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗಡ್ಡೆಗೆ ಕೈಯಲ್ಲಿದ್ದ ದುಡ್ಡೆಲ್ಲ ಹಾಕಿ ಆಗಿರುತ್ತದೆ. ಗಿಡ ಸಾಲು ತುಂಬಿಕೊಂಡು ಚೆನ್ನಾಗಿ ಕಾಣುತ್ತಿರುತ್ತದೆ. ಆಮೇಲೆ ನಾಲ್ಕು ದಿನ ಮೋಡ ಕವಿದು, ಜಡಿಮಳೆ ಹಿಡಿದು, ತಣ್ಣಗಾದರೆ ಸಾಕು. ಅಂಗಮಾರಿ ರೋಗ ಕಾಲಿಡುತ್ತದೆ. ಒಂದೆರಡು ವಾರದಲ್ಲಿ ಹೊಲವೇ ಸುಟ್ಟ ಹಾಗೆ ಆಗಿಬಿಡುತ್ತದೆ. ಆ ಹೊತ್ತಿನಲ್ಲಿ ತಿಳಿದವರೊಬ್ಬರು ಎಲೆ ನೋಡಿ "ಇದು ಅದೇ" ಅಥವಾ "ಇದು ಅದಲ್ಲ, ಹೆದರಬೇಡಿ" ಅಂತ ಹೇಳಬೇಕು. ಅದನ್ನೂ ಅವತ್ತೇ ಹೇಳಬೇಕು.

ನಮ್ಮ ಬೆಳೆಗಾರರ ಗುಂಪಿಗೆ ಒಂದು ಚಿಕ್ಕ ವೆಬ್‌ಸೈಟ್ ಇದೆ. ವರ್ಡ್‌ಪ್ರೆಸ್ ಎಂಬ, ಸೈಟ್ ಕಟ್ಟುವ ತಂತ್ರಾಂಶದಲ್ಲಿ ಮಾಡಿದ್ದು. ಮಾರುಕಟ್ಟೆ ಧಾರಣೆ, ಬಿತ್ತನೆ ವಿಷಯ, ಔಷಧಿ ಹೊಡೆಯುವ ಲೆಕ್ಕ, ಇಷ್ಟೇ ಅದರಲ್ಲಿ ಇರುವುದು. ಅದನ್ನು ನೋಡಿಕೊಳ್ಳುವವನು ನಾನು. ಕಳೆದ ಮುಂಗಾರಿಗೆ ಮೊದಲು ದುಡ್ಡ ಎಂಬ ಊರಿನ ಕಡೆಯ ಹಿರಿಯರೊಬ್ಬರು ಕೇಳಿದರು: "ಸೈಟಲ್ಲೇ ಕೂತು ಸಾರ್ ಜೊತೆ ಮಾತಾಡೋ ಹಾಗೆ ಮಾಡಪ್ಪಾ. ಹಾಸನಕ್ಕೆ ಬಂದು ಹೋಗೋದರಲ್ಲಿ ಒಂದು ದಿನ ಹೋಗುತ್ತೆ." ಸಾರ್ ಅಂದರೆ ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದವರು. ಪುಕ್ಕಟೆಯಾಗಿ, ಪ್ರೀತಿಯಿಂದ ಸಮಯ ಕೊಡುತ್ತಾರೆ. ಅವರ ಸಮಯ ಹಾಳಾಗಬಾರದು ಅನ್ನುವುದೂ ನನ್ನ ಮನಸ್ಸಿನಲ್ಲಿತ್ತು.

ಯಾವುದು ಚೆನ್ನಾಗಿದೆ ಅಂತ ಸುಮ್ನೆ ಹೇಳಲು ಬರುವುದಿಲ್ಲ, ಅಲ್ವಾ? ಹಾಗಾಗಿ ಒಂದು ಪರೀಕ್ಷೆ ಇಟ್ಟುಕೊಂಡೆ. ಮೂರು ಎಲೆ. ಒಂದರಲ್ಲಿ ಉಂಗುರದೊಳಗೆ ಉಂಗುರ ಇರುವ ಎಲೆಚುಕ್ಕೆ. ಇನ್ನೊಂದರಲ್ಲಿ ಅಂಚಿನಿಂದ ನೀರು ನೆಂದ ಹಾಗೆ ಕಪ್ಪಾಗುತ್ತಾ ಬಂದ ಅಂಗಮಾರಿ. ಮೂರನೆಯದು ಔಷಧಿ ಜಾಸ್ತಿಯಾಗಿ ಸುಟ್ಟ ಎಲೆ. ಒಂದು ಹಳೆಯ, ಕಡಿಮೆ ಬೆಲೆಯ ಫೋನ್. ಸಿಗ್ನಲ್ ಎರಡೇ ಕಡ್ಡಿ ಬರುವ ಒಂದು ಹೊಲ. ಸಂಜೆ 6 ಗಂಟೆ. ಆ ಕಡೆ ಸಾರ್ ಮನೆಯಲ್ಲಿ ಕೂತು ಯಾವುದು ಯಾವ ಎಲೆ ಅಂತ ಹೇಳಬೇಕು. ಎರಡೂ ಕಡೆಯವರು ಮಾತಾಡುವಂಥ ದಾರಿಗಳಿಗೆಲ್ಲ ಇದೇ ಪರೀಕ್ಷೆ.

ಮೊದಲ ದಾರಿ ಎಲ್ಲರೂ ಮಾಡುವುದು: ಸೈಟಿನಲ್ಲಿ ಒಂದು ಬಟನ್, ಒತ್ತಿದರೆ ಗೂಗಲ್ ಮೀಟ್ ಅಥವಾ ಜೂಮ್ ತೆರೆಯುತ್ತದೆ. ಹತ್ತು ನಿಮಿಷದ ಕೆಲಸ. ಆದರೆ ಇದು ಸೈಟಿಗೆ ಜೋಡಿಸಿದಂತೆ ಅಲ್ಲ. ಸೈಟಿನಿಂದ ಹೊರಗೆ ಕಳಿಸಿದಂತೆ. ಮೀಟ್ ಅನ್ನು ನಮ್ಮ ಪುಟದೊಳಗೆ ಐಫ್ರೇಮ್ (ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು) ಮಾಡಿ ಕೂರಿಸಲು ಬರುವುದೇ ಇಲ್ಲ. ಪುಕ್ಕಟೆ ಖಾತೆಯಲ್ಲಿ ಮೀಟ್‌ಗೆ ಮೂರು ಜನ ಅಥವಾ ಜಾಸ್ತಿ ಇದ್ದರೆ 60 ನಿಮಿಷದ ಮಿತಿ, ಜೂಮ್‌ಗೆ ಎಷ್ಟೇ ಜನ ಇದ್ದರೂ 40 ನಿಮಿಷ. ಎರಡರಲ್ಲೂ 100 ಜನ. ಜೂಮ್ ಅನ್ನು ಸೈಟಿನೊಳಗೇ ಕೂರಿಸಲು ಮೀಟಿಂಗ್ ಎಸ್‌ಡಿಕೆ ಅಂತ ಅವರೇ ಕೊಡುವ ಕೋಡ್ ಕಟ್ಟು ಇದೆ. ಅದಕ್ಕೆ ಪ್ರತಿಯೊಬ್ಬರು ಸೇರುವಾಗಲೂ ನಮ್ಮ ಸರ್ವರ್ ಒಂದು ಟೋಕನ್‌ಗೆ, ಅಂದರೆ ಒಳಗೆ ಬಿಡುವ ಡಿಜಿಟಲ್ ಚೀಟಿಗೆ, ಸಹಿ ಮಾಡಿಕೊಡಬೇಕು. ಕೋಡ್ ಬರೆಯಲು ಕೂರುವವರು ಇದ್ದರೆ ಸರಿ. ಜೂಮ್ ವೆಬಿನಾರ್ ಬೇಕಾದರೆ ಅದು ಬೇರೆಯೇ, ಹಣ ಕೊಟ್ಟು ತೆಗೆದುಕೊಳ್ಳುವಂಥದ್ದು. ಚಿತ್ರ, ಮಾತು ಎರಡೂ ಚೆನ್ನಾಗಿಯೇ ಬಂದವು. ಸಾರ್ ಮೂರರಲ್ಲಿ ಎರಡು ಎಲೆ ಗುರುತಿಸಿದರು. ಈಗಾಗಲೇ ಆಪ್ ಇಟ್ಟುಕೊಂಡವರ ಗುಂಪಾದರೆ ಇಲ್ಲಿಗೇ ನಿಲ್ಲಿಸಬಹುದು. ನಮ್ಮವರಲ್ಲಿ ಅರ್ಧ ಜನರ ಫೋನಿನಲ್ಲಿ ಹೊಸ ಆಪ್ ಹಾಕಲು ಜಾಗವೇ ಇರಲಿಲ್ಲ.

ಎರಡನೆಯದು ಜಿಟ್ಸಿ ಮೀಟ್. ಇದರ ಮೇಲೆ ನಾನು ಹೆಚ್ಚು ದಿನ ಕಳೆದೆ, ಅದಕ್ಕೆ ಬೇಜಾರಿಲ್ಲ. ಇದು ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವಂಥದ್ದು. ಬ್ರೌಸರ್‌ನಲ್ಲೇ ಓಡುತ್ತದೆ. ಪುಟದಲ್ಲಿ ನಾಲ್ಕು ಸಾಲು ಎಂಬೆಡ್ ಕೋಡ್ ಹಾಕಿದರೆ ಸಭೆ ಅಲ್ಲೇ ತೆರೆದುಕೊಳ್ಳುತ್ತದೆ. ಮೊದಲ ಸಲ ನೋಡಿದಾಗ ಖುಷಿಯಾಗಿ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಆದರೆ ಗೊತ್ತಿರಬೇಕಾದ ವಿಷಯಗಳಿವೆ. ಅವರ ಪುಕ್ಕಟೆ ಸರ್ವರ್ ಅನ್ನು ಹೀಗೆ ಎಂಬೆಡ್ ಮಾಡಿದರೆ ಸಭೆ 5 ನಿಮಿಷಕ್ಕೆ ನಿಲ್ಲುತ್ತದೆ. ಅದು ಪರೀಕ್ಷೆ ಮಾಡಿ ನೋಡಲು ಮಾತ್ರ ಕೊಟ್ಟಿರುವುದು. 2023ರ ಆಗಸ್ಟ್‌ನಿಂದ ಅಲ್ಲಿ ಸಭೆ ಶುರು ಮಾಡುವವರು ಗೂಗಲ್, ಫೇಸ್‌ಬುಕ್ ಅಥವಾ ಗಿಟ್‌ಹಬ್ ಖಾತೆಯಿಂದ ಲಾಗಿನ್ ಆಗಲೂ ಬೇಕು. ನಿಜವಾದ ಬಳಕೆಗೆ ಅವರದೇ ಹಣ ಕೊಡುವ ಸೇವೆ ಇದೆ. ಇಲ್ಲವಾದರೆ ನಾವೇ ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡು ಅದರಲ್ಲಿ ಹಾಕಿಕೊಳ್ಳಬಹುದು. ನಾನು ಎರಡನೆಯದನ್ನು ಮಾಡಿದೆ. 4 ಜಿಬಿ ಮೆಮೊರಿಯ ಚಿಕ್ಕ ಸರ್ವರ್, ಸೈಟಿನದೇ ಒಂದು ಸಬ್‌ಡೊಮೈನ್ (ಉಪವಿಳಾಸ).

ಇಲ್ಲಿ ಮೂರು ಕಡೆ ತಡವರಿಸಿದೆ. ನಿಮಗೆ ಹಾಗಾಗದಿರಲಿ ಅಂತ ಬಿಡಿಸಿ ಬರೆಯುತ್ತೇನೆ.

ಒಂದು, ಕ್ಯಾಮೆರಾ ತೆರೆಯಲೇ ಇಲ್ಲ. ಸೈಟ್ ಎಚ್‌ಟಿಟಿಪಿಎಸ್‌ನಲ್ಲಿ, ಅಂದರೆ ಸುರಕ್ಷಿತ ಸಂಪರ್ಕದಲ್ಲಿ, ಇದ್ದರೂ ಸಾಲದು. ಐಫ್ರೇಮ್‌ನ ಸಾಲಿನಲ್ಲಿ ಕ್ಯಾಮೆರಾಗೆ, ಮೈಕ್‌ಗೆ ಅನುಮತಿ ಇದೆ ಅಂತ ನಾವೇ ಬರೆಯಬೇಕು. ಬರೆಯದಿದ್ದರೆ ಬ್ರೌಸರ್ ಕೇಳುವುದೂ ಇಲ್ಲ, ಸುಮ್ಮನೆ ತಡೆಯುತ್ತದೆ.

ಎರಡು, ನಾನು ಮತ್ತು ಸಾರ್ ಇಬ್ಬರೇ ಇದ್ದಾಗ ಎಲ್ಲ ಸರಿಯಿತ್ತು. ಮೂರನೆಯವರು ಬಂದ ಕೂಡಲೇ ಮೂವರ ಚಿತ್ರವೂ ಕಪ್ಪು, ಮಾತೂ ಇಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಕಾರಣ ಇಷ್ಟೇ: ಇಬ್ಬರೇ ಇದ್ದರೆ ಜಿಟ್ಸಿ ಆ ಎರಡು ಫೋನುಗಳನ್ನು ನೇರವಾಗಿ ಒಂದಕ್ಕೊಂದು ಸೇರಿಸುತ್ತದೆ. ಮೂರನೆಯವರು ಬಂದಾಗ ಎಲ್ಲರ ಚಿತ್ರವೂ ಸರ್ವರ್ ಮೂಲಕ ಹೋಗಲು ಶುರುವಾಗುತ್ತದೆ. ಅದಕ್ಕೆ ಸರ್ವರ್‌ನಲ್ಲಿ ಯುಡಿಪಿ 10000 ಎಂಬ ಪೋರ್ಟ್ (ಡೇಟಾ ಬಂದುಹೋಗುವ ಬಾಗಿಲು) ತೆರೆದಿರಬೇಕು. ಸರ್ವರ್ ಕಾಯುವ ನನ್ನ ಫೈರ್‌ವಾಲ್‌ನಲ್ಲಿ ಅದು ಮುಚ್ಚಿತ್ತು. ಹಾಗಾಗಿ ಯಾವಾಗಲೂ ಮೂರು ಜನ ಕೂತು ಪರೀಕ್ಷೆ ಮಾಡಿ. ಇಬ್ಬರಲ್ಲಿ ಚೆನ್ನಾಗಿ ಬಂತು ಅಂತ ನಂಬಬೇಡಿ.

ಮೂರು, ಫೋನಿನಿಂದ ಬಂದವರಿಗೆ ಮೊದಲು "ಆಪ್‌ನಲ್ಲಿ ತೆರೆಯಿರಿ" ಎಂಬ ಪುಟ ಬರುತ್ತಿತ್ತು. ಕಟ್ಟಾಯ ಎಂಬ ಊರಿನ ಅಕ್ಕ ಒಬ್ಬರು ಅಲ್ಲೇ ನಿಂತು, ಸಭೆ ಇನ್ನೂ ಶುರುವಾಗಿಲ್ಲ ಅಂತ ಅರ್ಧ ಗಂಟೆ ಕಾದರು. ಸೆಟ್ಟಿಂಗ್‌ನಲ್ಲಿ ಡೀಪ್ ಲಿಂಕಿಂಗ್ ಅನ್ನುವುದನ್ನು ನಿಲ್ಲಿಸಿದರೆ ಆ ಪುಟ ಹೋಗುತ್ತದೆ. ಜೊತೆಗೆ ಬಂದವರೆಲ್ಲ ಮ್ಯೂಟ್ ಆಗಿಯೇ ಒಳಗೆ ಬರುವ ಹಾಗೆ ಮಾಡಿದೆ. ಹಸು ಕೂಗುವುದು, ಟಿವಿ ಸದ್ದು ಎಲ್ಲ ನಿಂತಿತು.

ಇನ್ನು ಡೇಟಾ ಲೆಕ್ಕ. ಜಿಟ್ಸಿ ಸರ್ವರ್ ಎಲ್ಲರ ಚಿತ್ರ ಸೇರಿಸಿ ಒಂದು ಮಾಡುವುದಿಲ್ಲ. ಬಂದದ್ದನ್ನು ಬಂದ ಹಾಗೆ ಪ್ರತಿಯೊಬ್ಬರಿಗೂ ಕಳಿಸುತ್ತದೆ. ಒಂದು ಚಿತ್ರ ಸೆಕೆಂಡಿಗೆ 1 ಮೆಗಾಬಿಟ್ ಅಂದುಕೊಂಡರೂ ಒಂದು ಗಂಟೆಗೆ 450 ಎಂಬಿ. ನಾಲ್ಕು ಜನ ಹೀಗೆ ಕ್ಯಾಮೆರಾ ಹಾಕಿದರೆ ನೋಡುವವರ ದಿನದ ಡೇಟಾ ಪ್ಯಾಕ್ ಒಂದು ಗಂಟೆಯ ಸಭೆಗೇ ಹೆಚ್ಚುಕಡಿಮೆ ಕರಗುತ್ತದೆ. ಮಾತು ಮಾತ್ರವಾದರೆ, 40 ಕಿಲೋಬಿಟ್ ಲೆಕ್ಕದಲ್ಲಿ, ಗಂಟೆಗೆ 18 ಎಂಬಿ ಸಾಕು. ವ್ಯತ್ಯಾಸ ನೋಡಿ! ಒಬ್ಬರಿಗೆ ಒಂದು ಸಲಕ್ಕೆ ಎರಡೇ ಚಿತ್ರ ಹೋಗಲಿ ಅಂತ ಮಿತಿ ಹಾಕಿದೆ. ಸಾರ್ ಮುಖ, ಮಾತಾಡುವವರ ಮುಖ. ಬೇರೆ ಯಾರದೂ ಬೇಕಿಲ್ಲ.

ಎಲೆ ಪರೀಕ್ಷೆಯಲ್ಲಿ ಜಿಟ್ಸಿ ಸೋತಿತು ಅಂತಲೇ ಹೇಳಬೇಕು. ಸಿಗ್ನಲ್ ಕಡಿಮೆಯಾದಾಗ ಅದು ಚಿತ್ರದ ಗುಣ ಇಳಿಸಿ ಮಾತನ್ನು ಉಳಿಸುತ್ತದೆ. ಸಭೆಗೆ ಅದು ಒಳ್ಳೆಯ ಬುದ್ಧಿಯೇ. ಎಲೆಗೆ ಮಾತ್ರ ಆಗಿಬರುವುದಿಲ್ಲ. ಉಂಗುರ ಎಲ್ಲ ಕರಗಿ ಮೂರು ಎಲೆಯಲ್ಲೂ ಕಂದು ಕಲೆ ಅಷ್ಟೇ ಕಂಡಿತು. ಸಾರ್ "ಊಹೆ ಮಾಡಿ ಹೇಳಲಾರೆ" ಅಂದರು. ಅವರು ಹಾಗೆ ಅಂದದ್ದು ನನಗೆ ಹಿಡಿಸಿತು. ತಪ್ಪು ಹೇಳಿದರೆ ಒಂದು ಸಂಸಾರದ ವರ್ಷದ ದುಡಿಮೆ ಹೋಗುತ್ತದೆ.

ಮೂರನೆಯದು ಬಿಗ್‌ಬ್ಲೂಬಟನ್. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ 2007ರಲ್ಲಿ ಪಾಠ ಮಾಡುವುದಕ್ಕೆ ಅಂತಲೇ ಶುರುವಾದದ್ದು. ಇದೂ ಓಪನ್ ಸೋರ್ಸ್, ಇದೂ ಬ್ರೌಸರ್‌ನಲ್ಲೇ ಓಡುತ್ತದೆ. ವರ್ಡ್‌ಪ್ರೆಸ್‌ಗೆ ಜೋಡಿಸಿಕೊಳ್ಳಲು ಪ್ಲಗಿನ್ ಇದೆ. ಸರ್ವರ್ ವಿಳಾಸ, ಗುಟ್ಟಿನ ಕೀ ಎರಡನ್ನು ಕೊಟ್ಟರೆ ಪುಟದಲ್ಲಿ ಸೇರುವ ಬಟನ್ ಬರುತ್ತದೆ. ಆದರೆ ಸರ್ವರ್ ದೊಡ್ಡದು ಬೇಕು. ಅವರೇ ಹೇಳುವ ಪ್ರಕಾರ 16 ಜಿಬಿ ಮೆಮೊರಿ, 8 ಕೋರ್‌ನ ಪ್ರೊಸೆಸರ್, ಯುಡಿಪಿ 16384ರಿಂದ 32768ರವರೆಗೆ ಪೋರ್ಟ್‌ಗಳು. ಬಾಡಿಗೆ ನನ್ನ ಜಿಟ್ಸಿ ಸರ್ವರ್‌ನ ಸುಮಾರು ನಾಲ್ಕು ಪಟ್ಟಾಯಿತು. ವರ್ಷವಿಡೀ ಕೊಡಲು ನಮ್ಮ ಗುಂಪಿಗೆ ಆಗುವುದಿಲ್ಲ.

ಮೊದಲು ಎಲೆಯನ್ನು ಕ್ಯಾಮೆರಾ ಮುಂದೆ ಹಿಡಿದೆವು. ಜಿಟ್ಸಿಗಿಂತ ಚೆನ್ನಾಗೇನೂ ಬರಲಿಲ್ಲ. ಆಮೇಲೆ ಕಟ್ಟಾಯದ ಆ ಅಕ್ಕನೇ ದಾರಿ ತೋರಿಸಿದರು. "ವಿಡಿಯೋ ಯಾಕಣ್ಣ, ಫೋಟೋ ತೆಗೆದು ವಾಟ್ಸ್ಯಾಪ್ ಮಾಡ್ತೀನಿ, ಸಾರ್ ಅದನ್ನೇ ನೋಡ್ಲಿ" ಅಂದರು. ಬಿಗ್‌ಬ್ಲೂಬಟನ್‌ನಲ್ಲಿ ಪಿಡಿಎಫ್ ಏರಿಸಿದರೆ ಅದು ವಿಡಿಯೋ ಆಗಿ ಹೋಗುವುದಿಲ್ಲ, ಪುಟದ ಚಿತ್ರವಾಗಿಯೇ ಎಲ್ಲರ ಫೋನಿಗೆ ಹೋಗುತ್ತದೆ. ನಿಧಾನವಾದ ನೆಟ್‌ವರ್ಕ್‌ನಲ್ಲಿ ಬರುವುದು ಎರಡು ಸೆಕೆಂಡ್ ತಡವಾಗಬಹುದು. ಬಂದ ಮೇಲೆ ಮಸುಕು ಇಲ್ಲ. ಅಕ್ಕ ಕಳಿಸಿದ ಮೂರು ಎಲೆಗಳ ಫೋಟೋ ಸೇರಿಸಿ ಪಿಡಿಎಫ್ ಮಾಡಿ ಹಾಕಿದೆ. ಸಾರ್ ಚಿತ್ರವನ್ನು ದೊಡ್ಡದು ಮಾಡಿ, ಅದರ ಮೇಲೇ ಕೆಂಪು ಗೆರೆ ಎಳೆದು "ಇಲ್ಲಿ ಉಂಗುರ ಕಾಣುತ್ತಾ? ಇದು ಎಲೆಚುಕ್ಕೆ. ಇಲ್ಲಿ ಅಂಚು ನೋಡಿ, ಇದೇ ಅಂಗಮಾರಿ" ಅಂದರು. ಮೂರಕ್ಕೆ ಮೂರು ಸರಿ. ಸೇರಿದ್ದ ಹದಿನೆಂಟು ಜನರೂ ಒಟ್ಟಿಗೆ ಕಲಿತರು. ನನಗೆ ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು.

ನಿಜ ಹೇಳಬೇಕೆಂದರೆ ಇದೇ ಪಿಡಿಎಫ್ ಉಪಾಯವನ್ನು ಜಿಟ್ಸಿಯಲ್ಲಿ ಸ್ಕ್ರೀನ್ ಹಂಚಿಯೂ ಮಾಡಿ ನೋಡಿದೆ. ಅಲ್ಲಿ ಸ್ಕ್ರೀನ್ ವಿಡಿಯೋ ಆಗಿಯೇ ಹೋಗುತ್ತದೆ. ಹಾಸನ ಪೇಟೆಯಲ್ಲಿ ಕೂತವರಿಗೆ ಸ್ಪಷ್ಟ, ಹೊಲದಲ್ಲಿ ನಿಂತವರಿಗೆ ಮತ್ತೆ ಮಸುಕು.

ಬಿಗ್‌ಬ್ಲೂಬಟನ್‌ನಲ್ಲಿ ಒಂದು ತೊಡಕು ಇದೆ. ಒಳಗೆ ಬಂದ ಕೂಡಲೇ ಮೈಕ್ ಬೇಕೋ, ಬರೀ ಕೇಳುತ್ತೀರೋ ಅಂತ ಕೇಳುತ್ತದೆ. ಮೈಕ್ ಅಂದರೆ ನಿಮ್ಮ ದನಿ ನಿಮಗೆ ಕೇಳುತ್ತಾ ಅಂತ ಪರೀಕ್ಷೆ ಮಾಡುತ್ತದೆ. ವಯಸ್ಸಾದವರು ಅಲ್ಲೇ ಗಲಿಬಿಲಿಯಾದರು. ಆ ಪರೀಕ್ಷೆಯನ್ನು ಸೆಟ್ಟಿಂಗ್‌ನಲ್ಲಿ ತೆಗೆಯಬಹುದು, ತೆಗೆದೆ. ಬರೀ ಕೇಳುವ ಆಯ್ಕೆಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ನಮ್ಮಲ್ಲಿ ತುಂಬಾ ಜನಕ್ಕೆ ಬೇಕಾಗಿರುವುದು ಅದೇ.

ನಾಲ್ಕನೆಯದು ಯೂಟ್ಯೂಬ್ ಲೈವ್ ಅನ್ನು ಪುಟದಲ್ಲಿ ಕೂರಿಸುವುದು. ಇದು ಸಭೆ ಅಲ್ಲ, ಭಾಷಣ. ಆದರೆ ಬಿತ್ತನೆಗೆ ಮೊದಲು ಗಡ್ಡೆ ಹೇಗೆ ಕತ್ತರಿಸಬೇಕು, ಹೇಗೆ ಉಪಚಾರ ಮಾಡಬೇಕು ಅಂತ ಇನ್ನೂರು ಜನಕ್ಕೆ ಹೇಳಬೇಕಾದರೆ ಇದಕ್ಕಿಂತ ಸುಲಭ ಇಲ್ಲ. ಸರ್ವರ್ ಬಾಡಿಗೆ ಇಲ್ಲ, ಜನರ ಮಿತಿಯ ಚಿಂತೆ ಇಲ್ಲ. ನೋಡುವವರ ಸಿಗ್ನಲ್‌ಗೆ ತಕ್ಕಂತೆ ಚಿತ್ರದ ಗುಣ 144ಪಿವರೆಗೂ ಇಳಿಯುತ್ತದೆ, ಮಾತು ನಿಲ್ಲುವುದಿಲ್ಲ. ತಡವಾಗಿ ಬಂದವರು ಹಿಂದಕ್ಕೆ ಎಳೆದು ನೋಡಬಹುದು. ಮುಗಿದ ಮೇಲೆ ವಿಡಿಯೋ ಅಲ್ಲೇ ಉಳಿಯುತ್ತದೆ. ಮೊದಲ ಸಲ ಲೈವ್ ತೆರೆಯಲು ಫೋನ್ ನಂಬರ್ ಖಚಿತಪಡಿಸಿ 24 ಗಂಟೆ ಕಾಯಬೇಕು, ಅದನ್ನು ಸಭೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ಫೋನಿನಿಂದಲೇ ಲೈವ್ ಮಾಡಲು 50 ಚಂದಾದಾರರು ಬೇಕು, ಕಂಪ್ಯೂಟರ್‌ನಿಂದಾದರೆ ಆ ನಿಯಮ ಇಲ್ಲ.

ಕೊರತೆ ಎಂದರೆ ತಡ. ನಾನು ಗಡಿಯಾರ ತೋರಿಸಿ ಅಳೆದಾಗ ಮಾಮೂಲಿ ಸೆಟ್ಟಿಂಗ್‌ನಲ್ಲಿ ಸುಮಾರು 20 ಸೆಕೆಂಡ್ ಹಿಂದೆ ಇತ್ತು. ತಡ ಕಡಿಮೆ ಮಾಡುವ ಆಯ್ಕೆ ಇದೆ. ಅದನ್ನು ಹಾಕಿದರೆ ಹೊಲದ ಫೋನಿನಲ್ಲಿ ಸುತ್ತುವ ಚಕ್ರ ಜಾಸ್ತಿ ಕಂಡಿತು. ವಾಪಸ್ ಮಾಮೂಲಿಗೇ ಬಂದೆ. ಪುಟದಲ್ಲಿ ಕೂರಿಸಿದ ಲೈವ್ ಚಾಟ್ ಫೋನಿನ ಬ್ರೌಸರ್‌ನಲ್ಲಿ ಬರುವುದಿಲ್ಲ. ಪ್ರಶ್ನೆಗೆ ಒಂದು ಮೊಬೈಲ್ ನಂಬರ್ ಕೊಟ್ಟು, ಪಕ್ಕದಲ್ಲಿ ಒಬ್ಬರು ಕೂತು ಬರೆದುಕೊಂಡು ಸಾರ್‌ಗೆ ಓದಿ ಹೇಳಿದರು. ನಮ್ಮ ಜನಕ್ಕೆ ಟೈಪ್ ಮಾಡುವುದಕ್ಕಿಂತ ಫೋನ್ ಮಾಡುವುದೇ ಇಷ್ಟ.

ಹೀಗೆ ನೋಡಿದಾಗ ಒಂದನ್ನೇ ಹಿಡಿದುಕೊಳ್ಳುವ ಹಟ ಬಿಟ್ಟೆ. ಹತ್ತು ಹದಿನೈದು ಜನ ಕೂತು ಮಾತಾಡುವ ಬುಧವಾರದ ಸಭೆಗೆ ವರ್ಷವಿಡೀ ಜಿಟ್ಸಿ. ಬಿತ್ತನೆಗೆ ಮೊದಲಿನ ದೊಡ್ಡ ಮಾಹಿತಿ ಸಭೆಗೆ ಯೂಟ್ಯೂಬ್. ಜುಲೈ, ಆಗಸ್ಟ್ ಎರಡೇ ತಿಂಗಳು ದೊಡ್ಡ ಸರ್ವರ್ ಬಾಡಿಗೆಗೆ ತೆಗೆದುಕೊಂಡು ಬಿಗ್‌ಬ್ಲೂಬಟನ್. ಆ ಎರಡು ತಿಂಗಳ ಬಾಡಿಗೆಯನ್ನು ಗುಂಪಿನವರು ಹಂಚಿಕೊಂಡರು. ಒಬ್ಬರ ಪಾಲಿಗೆ ಬಂದದ್ದು ಹಾಸನಕ್ಕೆ ಒಂದು ಸಲ ಬಂದುಹೋಗುವ ಬಸ್ ಚಾರ್ಜಿಗಿಂತ ಕಡಿಮೆ.

ಪುಟವನ್ನೂ ಹಗುರ ಮಾಡಿದೆ. ಮೊದಲು ನಾಲ್ಕು ಬಟನ್ ಇದ್ದವು, ಹೆಸರೆಲ್ಲ ಆಯಾ ಸೇವೆಯದೇ. ಈಗ ಎರಡೇ: "ಮಾತಾಡಲು ಬನ್ನಿ", "ಕೇಳಲು ಬನ್ನಿ". ಹಿಂದೆ ಯಾವುದು ಓಡುತ್ತಿದೆ ಅನ್ನುವುದು ಒತ್ತುವವರಿಗೆ ಬೇಕಿಲ್ಲ. ಕರೆಂಟ್ ಹೋದರೆ ರೂಟರ್ ನಿಲ್ಲದಿರಲಿ ಅಂತ ಸಾರ್ ಮನೆಗೆ ಒಂದು ಚಿಕ್ಕ ಯುಪಿಎಸ್ ಕೂಡ ಕೊಡಿಸಿದ್ದೇವೆ.

ಬಟನ್ ಕೆಳಗೆ ಫೋಟೋ ಕಳಿಸುವ ನಂಬರ್ ಇದೆ. ಸಂಜೆ 5 ಗಂಟೆಯೊಳಗೆ ಕಳಿಸಿ ಅಂತ ಬರೆದಿದ್ದೇನೆ, ಪಿಡಿಎಫ್ ಮಾಡಲು ನನಗೆ ಒಂದು ಗಂಟೆ ಬೇಕು. ಅದರ ಕೆಳಗೆ ಸಾರ್ ಹೇಳಿ ಬರೆಸಿದ್ದು: ಫೋಟೋವನ್ನು ಬೆಳಗ್ಗೆ ಇಬ್ಬನಿ ಇರುವಾಗಲೇ ತೆಗೆಯಿರಿ. ಎಲೆ ಮಗುಚಿ, ಕೆಳಭಾಗವನ್ನೂ ತೆಗೆಯಿರಿ. ಅಂಗಮಾರಿಯಾದರೆ ಕಲೆಯ ಸುತ್ತ ಬಿಳಿ ಬೂಷ್ಟು ಕಾಣುತ್ತದೆ. ಬಿಸಿಲು ಏರಿದ ಮೇಲೆ ಅದು ಕಾಣುವುದಿಲ್ಲ.