ಆನ್‌ಲೈನ್ ಕರಾಟೆಯೋ, ಎದುರಿಗೆ ನಿಂತು ಕಲಿಯುವುದೋ?

ಜಗಳೂರಿನಿಂದ ವಾರಕ್ಕೆ ಮೂರು ಸಂಜೆ ಮಗುವನ್ನು ದಾವಣಗೆರೆಯ ಕ್ಲಾಸಿಗೆ ಕರೆತರುವುದು ಕಷ್ಟವೇ. ಹಾಗಾಗಿ ಆನ್‌ಲೈನ್ ಸಾಲದೇ ಎಂದು ಎಷ್ಟೋ ಪೋಷಕರು ಕೇಳುತ್ತಾರೆ. ಕಟಾದ (ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ) ಕ್ರಮ ಕಲಿಯುವಷ್ಟಕ್ಕೆ ಸಾಲುತ್ತದೆ. ಕರಾಟೆಯ ಶೋಟೋಕಾನ್ ಶೈಲಿಯಲ್ಲಿ ಆರಂಭದಲ್ಲೇ ಕಲಿಸುವ ಕಟಾ ಹೇಯಾನ್ ಶೋದಾನ್‌ನಲ್ಲಿ 21 ಚಲನೆಗಳಿವೆ. ವಿಡಿಯೊ ನಿಲ್ಲಿಸಿ ನಿಲ್ಲಿಸಿ ಮನೆಯಲ್ಲೇ ಬಾಯಿಪಾಠ ಮಾಡಬಹುದು.

ಕೈಕೊಡುವುದು ನಿಲುವು, ಅಂದರೆ ಕಾಲೂರಿ ನಿಲ್ಲುವ ಭಂಗಿ. ಮೊಬೈಲ್ ಎದುರಿಗಷ್ಟೇ ಇಟ್ಟರೆ ಮುಂದಿನ ಮಂಡಿ ಒಳಕ್ಕೆ ವಾಲುವುದು ಕಾಣುತ್ತದೆ, ಹಿಂದಿನ ಹಿಮ್ಮಡಿ ಎದ್ದಿರುವುದು ಕಾಣುವುದಿಲ್ಲ. ಮಂಡಿ ನೋವು ಶುರುವಾಗುವ ತನಕ ಯಾರೂ ತಿದ್ದುವುದಿಲ್ಲ. ಸೊಂಟದ ಎತ್ತರದಲ್ಲಿ, ಸುಮಾರು ಮೂರು ಮೀಟರ್ ದೂರದಲ್ಲಿ ಮೊಬೈಲ್ ಇಟ್ಟು, ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಚಿತ್ರೀಕರಿಸಿ ಗುರುಗಳಿಗೆ ಕಳಿಸಿ.

ಕುಮಿತೆ (ಎದುರಾಳಿಯೊಂದಿಗಿನ ಸೆಣಸಾಟ) ಮಾತ್ರ ಪರದೆಯಲ್ಲಿ ಬರುವ ವಿದ್ಯೆಯಲ್ಲ. ಎದುರಾಳಿ ಒಂದು ಹೆಜ್ಜೆ ಮುಂದಿಟ್ಟಾಗ ಅಂತರ ಎಷ್ಟು ಕುಗ್ಗಿತು ಎಂಬುದು ಮೈಗೇ ಗೊತ್ತಾಗಬೇಕು.

ಬೆಲ್ಟಿನ ವಿಷಯದಲ್ಲಿ ಎಚ್ಚರ ಬೇಕೇ ಬೇಕು. ಬಣ್ಣದ ಬೆಲ್ಟನ್ನು ಸಾಮಾನ್ಯವಾಗಿ ಕಲಿಸುವವರೇ ಕೊಡುತ್ತಾರೆ. ಇನ್ನೊಂದು ಕ್ಲಾಸಿಗೆ ಹೋದರೆ ಬಿಳಿಯಿಂದಲೇ ಶುರುಮಾಡಿ ಎನ್ನಬಹುದು. ಕೊರಿಯಾದ ಸಮರಕಲೆ ಟೇಕ್ವಾಂಡೋದಲ್ಲಿ ಸೋಲ್‌ನ ಕುಕ್ಕಿವೋನ್ ಸಂಸ್ಥೆ ಕೊಡುವ ಡಾನ್ (ಬ್ಲ್ಯಾಕ್ ಬೆಲ್ಟಿನ ದರ್ಜೆ) ಪ್ರಮಾಣಪತ್ರಕ್ಕೆ ಬೆಲೆಯಿದೆ. ಅಲ್ಲಿ ಒಂದನೇ ಡಾನ್‌ನಿಂದ ಎರಡಕ್ಕೇ ಕನಿಷ್ಠ ಒಂದು ವರ್ಷ ಬೇಕು. ಹೀಗಿರುವಾಗ ಆರು ತಿಂಗಳಲ್ಲಿ ಬ್ಲ್ಯಾಕ್ ಬೆಲ್ಟ್ ಎನ್ನುವವರಿಗೆ ದುಡ್ಡು ಕಟ್ಟಬೇಡಿ.

ನಮ್ಮ ಸಲಹೆ: ಭಾನುವಾರ ದಾವಣಗೆರೆಯಲ್ಲಿ ಗುರುಗಳ ಎದುರು, ಉಳಿದ ದಿನ ಮನೆಯಲ್ಲಿ ಇಪ್ಪತ್ತು ನಿಮಿಷ ವಿಡಿಯೊ ಅಭ್ಯಾಸ. ಬೆಲ್ಟ್ ಪರೀಕ್ಷೆ ಮಾತ್ರ ಎದುರಲ್ಲೇ ಕೊಡಿಸಿ.