ಟಾಪ್‌ವಾಟರ್ ಬ್ಯಾಸ್‌ಗೆ ಯಾವ ರಾಡ್? ನಾನು ಬಳಸಿ ನೋಡಿದ ನಾಲ್ಕರ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಬ್ಯಾಸ್ ಮೀನು ಹಿಡಿಯಲು, ನೀರಿನ ಮೇಲೆ ತೇಲುವ ಲ್ಯೂರ್‌ಗಳಿಗೆ (ಲ್ಯೂರ್ ಅಂದರೆ ನಕಲಿ ಎರೆ; ಮೇಲೆ ತೇಲುವುದಕ್ಕೆ ಟಾಪ್‌ವಾಟರ್ ಅನ್ನುತ್ತಾರೆ) ಅಂತ ಒಂದೇ ಒಂದು ರಾಡ್, ಅಂದರೆ ಗಾಳದ ಕೋಲು, ಕೊಳ್ಳುವುದಾದರೆ 6 ಅಡಿ 10 ಇಂಚಿನ, ಮೀಡಿಯಂ ಹೆವಿ ಪವರ್‌ನ, ಮಾಡರೇಟ್ ಫಾಸ್ಟ್ ಆಕ್ಷನ್‌ನ ಬೇಟ್‌ಕಾಸ್ಟಿಂಗ್ ರಾಡ್ (ದಾರ ಸುತ್ತುವ ರೀಲ್ ಮೇಲ್ಭಾಗದಲ್ಲಿ ಕೂರುವ ಬಗೆ) ಕೊಳ್ಳಿ. ಹಿಡಿ ಗಿಡ್ಡ ಇರಲಿ. ಕಪ್ಪೆ ಆಕಾರದ ರಬ್ಬರ್ ಲ್ಯೂರ್ ಎಸೆಯಬೇಕು ಅಂದರೆ ಅದಕ್ಕೆ ಬೇರೆ ರಾಡ್ ಬೇಕು. ಎರಡೂ ಕೆಲಸವನ್ನು ಒಂದೇ ರಾಡ್‌ನಿಂದ ಮಾಡಿಸಲು ಹೋದರೆ ಎರಡೂ ಕೆಡುತ್ತವೆ.

ನಾನಿರುವುದು ಟೆಕ್ಸಾಸ್‌ನ ಡಾಲಸ್ ಹತ್ತಿರ. ಹೆಚ್ಚಾಗಿ ಹೋಗುವುದು ರೇ ರಾಬರ್ಟ್ಸ್ ಮತ್ತು ಲೇಕ್ ಫೋರ್ಕ್ ಕೆರೆಗಳಿಗೆ, ಅದೂ ಕಯಾಕ್‌ನಲ್ಲಿ. ಸಮಯ ಇಲ್ಲದ ದಿನ ಮನೆ ಹತ್ತಿರದ ಕೊಳದ ದಡದಲ್ಲೇ ನಿಂತು ಎಸೆಯುತ್ತೇನೆ. ಹಿಡಿಯುವುದು ಲಾರ್ಜ್‌ಮೌತ್ ಬ್ಯಾಸ್. ಇಲ್ಲಿರುವ ನಮ್ಮ ಕನ್ನಡದವರಲ್ಲಿ ಹೊಸದಾಗಿ ಗಾಳ ಹಿಡಿದವರು ಸಿಕ್ಕಾಗಲೆಲ್ಲ ಕೇಳುವ ಪ್ರಶ್ನೆ ಇದೇ: ಅಂಗಡಿ ಗೋಡೆ ತುಂಬಾ ರಾಡ್ ಇವೆ, ಯಾವುದು ತಗೊಳ್ಳಲಿ? ಕಂಪನಿ ಹೆಸರು ನಾನು ಹೇಳುವುದಿಲ್ಲ. ಈ ನಾಲ್ಕು ಬಗೆಯೂ ಹೆಚ್ಚುಕಡಿಮೆ ಎಲ್ಲ ದೊಡ್ಡ ಕಂಪನಿಗಳಲ್ಲೂ ಸಿಗುತ್ತವೆ. ನೋಡಬೇಕಾದದ್ದು ಉದ್ದ, ಪವರ್ ಮತ್ತು ಆಕ್ಷನ್. ರಾಡ್ ಬಗ್ಗಲು ಎಷ್ಟು ಬಲ ಬೇಕು ಅನ್ನೋದು ಪವರ್. ಎಲ್ಲಿಂದ ಬಗ್ಗುತ್ತದೆ ಅನ್ನೋದು ಆಕ್ಷನ್. ಫಾಸ್ಟ್ ರಾಡ್ ತುದಿಯ ಹತ್ತಿರ ಮಾತ್ರ ಬಗ್ಗುತ್ತದೆ. ಮಾಡರೇಟ್ ರಾಡ್ ನಡುವಿನ ತನಕ ಬಗ್ಗುತ್ತದೆ.

ನಾನು ಹೋಲಿಸುತ್ತಿರುವ ನಾಲ್ಕು ಇವು. ಒಂದು, 7 ಅಡಿ ಮೀಡಿಯಂ ಹೆವಿ, ಫಾಸ್ಟ್, ಗ್ರಾಫೈಟ್. ಅಂಗಡಿಯವರು ಎಲ್ಲದಕ್ಕೂ ಆಗುತ್ತೆ ಅಂತ ಮೊದಲು ಕೈಗೆ ಕೊಡುವ ರಾಡ್ ಇದೇ. ಎರಡು, ಮೇಲೆ ಹೇಳಿದ 6 ಅಡಿ 10 ಇಂಚಿನ ಮಾಡರೇಟ್ ಫಾಸ್ಟ್, ಇದೂ ಗ್ರಾಫೈಟ್. ಮೂರು, 7 ಅಡಿಯ ಮಾಡರೇಟ್ ರಾಡ್. ಗ್ರಾಫೈಟ್ ಜೊತೆ ಫೈಬರ್‌ಗ್ಲಾಸ್ ಸೇರಿಸಿ ಮಾಡಿದ್ದು, ಸಾಮಾನ್ಯವಾಗಿ ಕ್ರ್ಯಾಂಕ್‌ಬೇಟ್‌ಗೆ (ಸುತ್ತಿದಾಗ ನೀರೊಳಗೆ ಇಳಿದು ಓಡುವ ಲ್ಯೂರ್) ಅಂತ ಮಾರುತ್ತಾರೆ. ಇದನ್ನು ಗ್ಲಾಸ್ ರಾಡ್ ಅಂತ ಕರೆಯುತ್ತೇನೆ. ನಾಲ್ಕು, 7 ಅಡಿ 3 ಇಂಚಿನ ಹೆವಿ, ಫಾಸ್ಟ್. ಇದು ಕಪ್ಪೆ ರಾಡ್.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಲ್ಯೂರ್ ನಡೆಸುವುದು. ಹೆಡನ್ ಕಂಪನಿ 1939ರಲ್ಲಿ ತಂದ ಜಾರಾ ಸ್ಪೂಕ್ ಇವತ್ತಿಗೂ ಈ ಜಾತಿಯ ಲ್ಯೂರ್‌ಗಳಿಗೆ ಅಳತೆಗೋಲು. ನಾಲ್ಕೂವರೆ ಇಂಚು ಉದ್ದ, ಮುಕ್ಕಾಲು ಔನ್ಸ್ ತೂಕ, ಅಂದರೆ ಸುಮಾರು 21 ಗ್ರಾಂ. ಸುಮ್ನೆ ಎಳೆದರೆ ಅದು ಒಂದು ಕಡ್ಡಿ ಅಷ್ಟೇ. ಜೀವ ಬರುವುದು ಸಡಿಲ ದಾರದ ಮೇಲೆ ಚಿಕ್ಕ ಏಟು ಕೊಟ್ಟಾಗ. ರಾಡ್ ತುದಿಯನ್ನು ನೀರಿನ ಕಡೆ ಇಳಿಸಿ, ಬಾಗಿಲು ತಟ್ಟುವ ಹಾಗೆ ಮಣಿಕಟ್ಟಿನಿಂದ ಒಂದು ಏಟು. ಕೂಡಲೇ ದಾರ ಸಡಿಲ ಬಿಡಬೇಕು. ಆಗ ಲ್ಯೂರ್ ತಲೆ ಎಡಕ್ಕೆ ತಿರುಗಿ ಜಾರುತ್ತದೆ. ಮುಂದಿನ ಏಟಿಗೆ ಬಲಕ್ಕೆ. ಹೀಗೆ ಮುಂದಕ್ಕೆ ಹೆಚ್ಚು ಬಾರದೆ, ನಿಂತಲ್ಲೇ ಅತ್ತಿತ್ತ ಆಡಿದಷ್ಟೂ ಬ್ಯಾಸ್‌ಗೆ ತಡೆಯಲು ಆಗುವುದಿಲ್ಲ.

ಈ ಕೆಲಸದಲ್ಲಿ ಫಾಸ್ಟ್ ರಾಡ್ ಚುರುಕು. ಏಟು ಕೊಟ್ಟ ಕ್ಷಣವೇ ತುದಿ ವಾಪಸ್ ಬಂದು ನಿಲ್ಲುತ್ತದೆ. ಆದರೆ ಗಡಸು ಜಾಸ್ತಿ, ಏಟು ಸ್ವಲ್ಪ ಜೋರಾದರೂ ಲ್ಯೂರ್ ನೀರಿನಿಂದ ಎಗರುತ್ತದೆ. ಗ್ಲಾಸ್ ರಾಡ್‌ನ ತೊಂದರೆ ಬೇರೆ. ಕೈ ನಿಂತ ಮೇಲೂ ತುದಿ ಇನ್ನೊಂದಿಷ್ಟು ಎಳೆಯುತ್ತಲೇ ಇರುತ್ತದೆ. ದಾರ ಸಡಿಲ ಆಗುವುದು ತಡ. ಹಾಗಾಗಿ ಲ್ಯೂರ್ ತಿರುಗುವ ಬದಲು ಮುಂದಕ್ಕೆ ಬಂದುಬಿಡುತ್ತದೆ. ಕೈ ಜೋರು ಮಾಡಬೇಕಾಗುತ್ತದೆ, ಅರ್ಧ ಗಂಟೆಯಲ್ಲಿ ಮಣಿಕಟ್ಟು ನೋಯುತ್ತದೆ. ಮಾಡರೇಟ್ ಫಾಸ್ಟ್ ಇವೆರಡರ ನಡುವೆ ಕೂತಿದೆ. ಏಟನ್ನು ಮೆತ್ತಗೆ ಮಾಡುತ್ತದೆ, ಆದರೆ ತಡ ಮಾಡುವುದಿಲ್ಲ. ಕಪ್ಪೆ ರಾಡ್‌ನಲ್ಲಿ ಸ್ಪೂಕ್ ನಡೆಸಬಹುದು, ಆದರೆ ಭಾರ. ತುದಿಯಲ್ಲಿ ಏನು ನಡೆಯುತ್ತಿದೆ ಅಂತ ಕೈಗೆ ಗೊತ್ತೇ ಆಗುವುದಿಲ್ಲ.

ಇನ್ನು ಉದ್ದದ ವಿಷಯ. ಉದ್ದ ರಾಡ್ ದೂರ ಎಸೆಯುತ್ತದೆ, ನಿಜ. ತಿಳಿ ನೀರಿನಲ್ಲಿ ದೂರದಿಂದ ಎಸೆದರೆ ಮೀನು ಬೆದರುವುದಿಲ್ಲ, ಅದೂ ನಿಜ. ಆದರೆ ನಾನು 5 ಅಡಿ 6 ಇಂಚಿನವನು. ದಡದಲ್ಲಿ ನಿಂತು ತುದಿ ಕೆಳಗಿಟ್ಟು ಏಟು ಕೊಟ್ಟರೆ 7 ಅಡಿ 3 ಇಂಚಿನ ರಾಡ್‌ನ ತುದಿ ನೀರಿಗೆ ಬಡಿಯುತ್ತದೆ. ಕಯಾಕ್‌ನಲ್ಲಿ ಕೂತರೆ ಕೇಳುವುದೇ ಬೇಡ. ಎತ್ತರದವರು, ದೊಡ್ಡ ಬ್ಯಾಸ್ ಬೋಟ್‌ನ ಮುಂದಿನ ಡೆಕ್ ಮೇಲೆ ನಿಂತು ಎಸೆಯುವವರು 7 ಅಡಿಗೇ ಹೋಗಲಿ. ಉಳಿದವರಿಗೆ ಆ ಎರಡು ಇಂಚು ಕಮ್ಮಿ ಇರುವುದೇ ಸುಖ.

ಹಿಡಿಯ ಉದ್ದವನ್ನು ಯಾರೂ ನೋಡುವುದಿಲ್ಲ. ನನಗೆ ಇದು ತುಂಬಾ ಮುಖ್ಯ ಅನ್ನಿಸುತ್ತದೆ. ರೀಲ್‌ನ ಹಿಂದಿನ ಹಿಡಿ ಉದ್ದ ಇದ್ದರೆ ಪ್ರತಿ ಏಟಿಗೂ ಅದು ಮುಂಗೈಗೆ ಇಲ್ಲವೇ ಹೊಟ್ಟೆಗೆ ತಾಗುತ್ತದೆ. ಸ್ಪೂಕ್ ನಡೆಸುವಾಗ ಒಂದು ಎಸೆತಕ್ಕೆ ಎಷ್ಟೋ ಏಟು ಕೊಡಬೇಕು. ಬೆಳಗಿನ ಹೊತ್ತು ಮುಗಿಯುವಷ್ಟರಲ್ಲಿ ಇದೊಂದೇ ಕಾರಣಕ್ಕೆ ರಾಡ್ ಬೇಸರ ತರಿಸುತ್ತದೆ. ಅಂಗಡಿಯಲ್ಲೇ ರಾಡ್ ಹಿಡಿದು, ತುದಿ ನೆಲದ ಕಡೆ ಇಳಿಸಿ, ಏಟು ಕೊಡುವ ರೀತಿ ಆಡಿಸಿ ನೋಡಿ. ಹಿಡಿಯ ಕೊನೆ ಮೊಣಕೈ ದಾಟಿ ಹಿಂದಕ್ಕೆ ಹೋದರೆ ಅದು ಈ ಕೆಲಸಕ್ಕೆ ಉದ್ದ ಆಯಿತು.

ಈಗ ಮೀನು ಕಚ್ಚಿದ ಮೇಲಿನ ಮಾತು. ನಾಲ್ಕು ರಾಡ್‌ಗಳ ವ್ಯತ್ಯಾಸ ಎದ್ದು ಕಾಣುವುದು ಇಲ್ಲೇ.

ಸ್ಪೂಕ್, ಪಾಪರ್ (ಎಳೆದಾಗ ಬಾಯಿಂದ ನೀರು ಚಿಮ್ಮಿಸುವುದು), ಪ್ಲಾಪರ್ (ಬಾಲ ತಿರುಗುವುದು) ಎಲ್ಲಕ್ಕೂ ಇರುವುದು ಟ್ರೆಬಲ್ ಕೊಕ್ಕೆ, ಅಂದರೆ ಮೂರು ಮುಳ್ಳಿನದು. ತೆಳು ತಂತಿ, ಚೂಪು ಮೊನೆ. ಇದು ಚುಚ್ಚಲು ದೊಡ್ಡ ಬಲ ಬೇಕಿಲ್ಲ. ಆದರೆ ಹೆಚ್ಚು ಸಲ ತುಟಿಯ ತೆಳು ಚರ್ಮಕ್ಕೆ ಸಿಕ್ಕಿಕೊಂಡಿರುತ್ತದೆ. ಬ್ಯಾಸ್ ನೀರಿನಿಂದ ಹಾರಿ ತಲೆ ಕೊಡವುತ್ತದೆ. ಆ ಕೊಡವಿಕೆಯಲ್ಲಿ ರಾಡ್ ಬಗ್ಗದಿದ್ದರೆ ಕೊಕ್ಕೆ ಚುಚ್ಚಿದ ತೂತು ಅಗಲ ಆಗುತ್ತದೆ, ಮೀನು ಹೋಯಿತು. ಇನ್ನೊಂದು ಕಷ್ಟವೂ ಇದೆ. ನೀರು ಸಿಡಿದದ್ದು ಕಣ್ಣಿಗೆ ಕಾಣುತ್ತದೆ, ಕೈ ತಾನಾಗಿ ಎಳೆದುಬಿಡುತ್ತದೆ. ಮೀನು ಲ್ಯೂರ್ ಸಮೇತ ಕೆಳಗೆ ಹೋಗಿ ರಾಡ್‌ಗೆ ತೂಕ ಬರುವ ತನಕ ಕಾಯಬೇಕು. ಮೆತ್ತಗಿನ ರಾಡ್ ಈ ಅವಸರಕ್ಕೂ ಒಂದಿಷ್ಟು ಬಿಡುವು ಕೊಡುತ್ತದೆ. ತುದಿ ಬಗ್ಗಿಕೊಂಡು ಲ್ಯೂರ್ ಅನ್ನು ಇನ್ನೂ ಒಂದು ಕ್ಷಣ ಮೀನಿನ ಬಾಯಲ್ಲೇ ಬಿಡುತ್ತದೆ.

ಇದರಲ್ಲಿ ಗ್ಲಾಸ್ ರಾಡ್‌ಗೆ ಸಾಟಿ ಇಲ್ಲ. ಅದರಲ್ಲಿ ಸಿಕ್ಕ ಮೀನು ತಪ್ಪುವುದು ಅಪರೂಪ. ಮಾಡರೇಟ್ ಫಾಸ್ಟ್ ಅದರ ಬೆನ್ನಿಗೇ ಇದೆ. ಫಾಸ್ಟ್ ರಾಡ್‌ನಲ್ಲಿ ಬ್ರೇಡ್, ಅಂದರೆ ಹೆಣೆದ ದಾರ ಕಟ್ಟಿದರೆ ಕಯಾಕ್ ಹತ್ತಿರ ಬಂದ ಮೀನು ಕೊನೇ ಹಾರಾಟದಲ್ಲಿ ತಪ್ಪಿಸಿಕೊಳ್ಳುವುದು ಜಾಸ್ತಿ. ದಾರ ಚಿಕ್ಕದಾದಾಗ ಹೊಡೆತ ತಡೆಯುವುದಕ್ಕೆ ಬೇರೇನೂ ಉಳಿದಿರುವುದಿಲ್ಲ, ಅಲ್ವಾ?

ಹಾಗಾಗಿ ರಾಡ್ ಮತ್ತು ದಾರ ಎರಡನ್ನೂ ಜೋಡಿಯಾಗಿಯೇ ನೋಡಬೇಕು. ಬ್ರೇಡ್ ಹಿಗ್ಗುವುದೇ ಇಲ್ಲ ಅನ್ನಬಹುದು. ಮೋನೋ (ಒಂದೇ ಎಳೆಯ ನೈಲಾನ್ ದಾರ) ಚೆನ್ನಾಗಿ ಹಿಗ್ಗುತ್ತದೆ. ಬ್ರೇಡ್ ತೇಲುತ್ತದೆ, ಮೋನೋ ತುಂಬಾ ನಿಧಾನವಾಗಿ ಮುಳುಗುತ್ತದೆ, ಹಾಗಾಗಿ ಎರಡೂ ಟಾಪ್‌ವಾಟರ್‌ಗೆ ಸರಿ. ಫ್ಲೋರೋಕಾರ್ಬನ್ ದಾರ ಬೇಗ ಮುಳುಗುತ್ತದೆ, ಲ್ಯೂರ್‌ನ ಮೂಗನ್ನು ಕೆಳಗೆ ಎಳೆಯುತ್ತದೆ, ಇಲ್ಲಿ ಅದು ಬೇಡ. ಮಾಡರೇಟ್ ಫಾಸ್ಟ್ ರಾಡ್‌ಗೆ ನಾನು ಕಟ್ಟುವುದು 40 ಪೌಂಡ್ (ಅಷ್ಟು ಎಳೆತ ತಡೆಯುವ) ಬ್ರೇಡ್. ಅದರ ಮುಂದೆ ಒಂದೂವರೆ ಅಡಿ ಮೋನೋ. ಬ್ರೇಡ್ ಒದ್ದೆ ನೂಲಿನ ಥರ ಮೆತ್ತಗಿರುವುದರಿಂದ ಸಡಿಲ ಬಿಟ್ಟಾಗ ಮುಂದಿನ ಕೊಕ್ಕೆಗೆ ಸುತ್ತಿಕೊಳ್ಳುತ್ತದೆ. ಆ ಗಡಸು ಮೋನೋ ತುಂಡು ಇದ್ದರೆ ಈ ಕಾಟ ಇಲ್ಲ. ಫಾಸ್ಟ್ ರಾಡ್‌ಗಾದರೆ 15ರಿಂದ 17 ಪೌಂಡ್ ಮೋನೋ ಪೂರ್ತಿ ತುಂಬಿಸಿ. ರಾಡ್ ಕೊಡದ ಬಿಡುವನ್ನು ದಾರ ಕೊಡುತ್ತದೆ. ದೂರ ಸ್ವಲ್ಪ ಕಮ್ಮಿ ಆಗುತ್ತದೆ, ಪರವಾಗಿಲ್ಲ. ಗ್ಲಾಸ್ ರಾಡ್‌ಗೆ ಮೋನೋ ಹಾಕಿದರೆ ಎರಡು ಕಡೆಯೂ ಮೆತ್ತಗಾಗಿ, ದೂರದಲ್ಲಿ ಕಚ್ಚಿದ ಮೀನಿಗೆ ಕೊಕ್ಕೆ ಇಳಿಯುವುದೇ ಇಲ್ಲ. ಅದಕ್ಕೆ ಬ್ರೇಡ್ ಬೇಕು.

ರೇ ರಾಬರ್ಟ್ಸ್‌ನ ತೆರೆದ ನೀರಿನಲ್ಲಿ ಮಾಡರೇಟ್ ಫಾಸ್ಟ್ ಗೆದ್ದಿತು ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಲೇಕ್ ಫೋರ್ಕ್ ಮಾತ್ರ ಬೇರೆ ಕಥೆ. 1980ರಲ್ಲಿ ಅಣೆಕಟ್ಟು ಕಟ್ಟಿದಾಗ ಮರಗಳನ್ನು ಹಾಗೇ ಬಿಟ್ಟರು. ಇವತ್ತಿಗೂ ಒಣ ಕಾಂಡಗಳು ನೀರಿನಿಂದ ಎದ್ದು ನಿಂತಿವೆ, ನೀರೊಳಗೆ ಇನ್ನೂ ಜಾಸ್ತಿ ಇವೆ. ಟೆಕ್ಸಾಸ್‌ನ ದಾಖಲೆ ಬ್ಯಾಸ್ ಸಿಕ್ಕಿದ್ದು ಇದೇ ಕೆರೆಯಲ್ಲಿ, 1992ರಲ್ಲಿ, 18.18 ಪೌಂಡ್. ಅಂಥ ಮೀನು ಬಿಡಿ, ಐದು ಪೌಂಡಿನದು ಕಚ್ಚಿದರೂ ಮೊದಲು ಓಡುವುದು ಮರದ ಬುಡಕ್ಕೆ. ಅಲ್ಲಿ ಗ್ಲಾಸ್ ರಾಡ್ ಹಿಡಿದು ನಿಂತರೆ ಮೀನನ್ನು ತಿರುಗಿಸುವ ಶಕ್ತಿಯೇ ಇರುವುದಿಲ್ಲ. ಮರಗಳ ನಡುವೆ ನಾನು ಫಾಸ್ಟ್ ರಾಡನ್ನೇ ಎತ್ತಿಕೊಳ್ಳುತ್ತೇನೆ. ಒಂದೆರಡು ಮೀನು ಕೊಕ್ಕೆ ಬಿಡಿಸಿಕೊಂಡು ಹೋದರೂ ಸರಿ, ಕೊಕ್ಕೆ ಬಾಯಲ್ಲಿ ಇಟ್ಟುಕೊಂಡು ದಾರ ಹರಿದುಕೊಂಡು ಹೋಗುವುದು ಬೇಡ. ಇನ್ನೊಂದು ಕಾರಣವೂ ಇದೆ. ಅಲ್ಲಿ 16ರಿಂದ 24 ಇಂಚಿನ ಬ್ಯಾಸ್ ಅನ್ನು ಇಟ್ಟುಕೊಳ್ಳುವ ಹಾಗಿಲ್ಲ, ವಾಪಸ್ ಬಿಡಬೇಕು. ಬೇಸಿಗೆಯ ಬಿಸಿ ನೀರಿನಲ್ಲಿ ಮೀನನ್ನು ತುಂಬಾ ಹೊತ್ತು ಆಡಿಸಿದರೆ ಬಿಟ್ಟ ಮೇಲೆ ಬದುಕುವುದು ಕಷ್ಟ. ಬೇಗ ಹತ್ತಿರ ತರುವ ರಾಡ್ ಮೀನಿಗೂ ಒಳ್ಳೆಯದು.

ಗ್ಲಾಸ್ ರಾಡ್ ತನ್ನ ಬೆಲೆ ತೋರಿಸುವುದು ವಾಪರ್ ಪ್ಲಾಪರ್ ಥರದ ಲ್ಯೂರ್‌ಗಳಲ್ಲಿ. ಬಾಲ ತಿರುಗುತ್ತಾ ನೀರು ಚಿಮ್ಮಿಸುವ ಲ್ಯೂರ್ ಇದು. ಏಟು ಬೇಕಿಲ್ಲ, ಒಂದೇ ಸಮ ಸುತ್ತುತ್ತಾ ಬಂದರೆ ಸಾಕು. ಆಗ ತುದಿಯ ನಿಧಾನ ತೊಂದರೆ ಕೊಡುವುದಿಲ್ಲ. ಮೀನು ಹಿಂದಿನಿಂದ ಬಂದು ನುಂಗುವಾಗ ರಾಡ್ ತಾನೇ ಬಗ್ಗಿ ಜಾಗ ಕೊಡುತ್ತದೆ. ಬರೀ ಪ್ಲಾಪರ್ ಎಸೆಯುವವರು ಕಣ್ಣು ಮುಚ್ಚಿ ಇದನ್ನೇ ಕೊಳ್ಳಬಹುದು. ಬಝ್‌ಬೇಟ್‌ಗೆ (ರೆಕ್ಕೆ ತಿರುಗಿಸುತ್ತಾ ನೀರಿನ ಮೇಲೆ ಬರುವ ಲ್ಯೂರ್) ಒಂಟಿ ಕೊಕ್ಕೆ, ಅದಕ್ಕೆ ಫಾಸ್ಟ್ ರಾಡ್ ಸರಿ.

ಸಣ್ಣ ಪಾಪರ್‌ಗಳಿಗೆ ಈ ನಾಲ್ಕೂ ಸರಿಯಿಲ್ಲ. ರೆಬೆಲ್ ಪಾಪ್-ಆರ್ ಕಾಲು ಔನ್ಸ್, ಬರೀ 7 ಗ್ರಾಂ. ಮೀಡಿಯಂ ಪವರ್‌ನ ಸ್ಪಿನ್ನಿಂಗ್ ರಾಡ್‌ನಲ್ಲಿ (ರೀಲ್ ಕೆಳಗೆ ತೂಗುವ ಬಗೆ) ಎಸೆಯಿರಿ.

ಕಪ್ಪೆ ರಾಡ್ ಬಗ್ಗೆ ಇಷ್ಟು ಹೊತ್ತು ಕಟುವಾಗಿ ಮಾತಾಡಿದೆ. ಅದು ತನ್ನ ಜಾಗದಲ್ಲಿ ರಾಜ. ಟೊಳ್ಳು ಮೈಯ ರಬ್ಬರ್ ಕಪ್ಪೆಗೆ ದಪ್ಪ ತಂತಿಯ ಜೋಡಿ ಕೊಕ್ಕೆ ಇರುತ್ತದೆ, ಮೈಗೆ ಅಂಟಿಕೊಂಡು ಮೊನೆ ಮೇಲಕ್ಕೆ ನೋಡುತ್ತಿರುತ್ತದೆ. ಹಾಗಾಗಿ ಜೊಂಡು, ತಾವರೆ ಎಲೆ, ಹೈಡ್ರಿಲ್ಲಾ ಮೇಲೆಲ್ಲ ಸಿಕ್ಕದೆ ಜಾರಿ ಬರುತ್ತದೆ. ಮೀನು ಕಚ್ಚಿದಾಗ ಆ ಮೈ ಒತ್ತಿಹೋಗಿ, ದಪ್ಪ ಕೊಕ್ಕೆ ಗಟ್ಟಿ ಬಾಯಿಗೆ ಇಳಿಯಬೇಕು. ಆಮೇಲೆ ಕಳೆ ಸಮೇತ ಮೀನನ್ನು ಎಳೆದು ತರಬೇಕು. ಮೆತ್ತಗಿನ ರಾಡ್‌ನಿಂದ ಇದು ಆಗುವುದೇ ಇಲ್ಲ. ಹೆವಿ ರಾಡ್, 65 ಪೌಂಡ್ ಬ್ರೇಡ್, ಬಿಗಿ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವುದನ್ನು ತಡೆಯುವ ರೀಲ್‌ನ ಬ್ರೇಕ್), ಮೋನೋ ತುಂಡು ಇಲ್ಲದೆ ನೇರ ಗಂಟು. ಊರಿಗೆ ಹೋದಾಗ ಕೆರೆಯಲ್ಲಿ ಕೊರಮೀನಿಗೆ ಕಪ್ಪೆ ಎಸೆಯುವ ಆಸೆ ಇದ್ದವರಿಗೂ ಇದೇ ಬಗೆಯ ರಾಡ್ ಹೊಂದುತ್ತದೆ. ಅದರ ಬಾಯಿ ಬ್ಯಾಸ್‌ಗಿಂತ ಗಟ್ಟಿ, ಇರುವುದೂ ಕಳೆಯ ಒಳಗೇ. ಎರಡು ತುಂಡಾಗಿ ಬಿಚ್ಚುವ ರಾಡ್ ಸಿಕ್ಕರೆ ಸೂಟ್‌ಕೇಸ್ ಜೊತೆ ಕೊಂಡೊಯ್ಯಲು ಸುಲಭ.

ದುಡ್ಡಿನ ಮಾತು. 100 ಡಾಲರ್ ಆಸುಪಾಸಿನ ರಾಡ್‌ಗಳೇ ಈ ಕೆಲಸಕ್ಕೆ ಸಾಕು. ತಳದಲ್ಲಿ ಲ್ಯೂರ್ ಎಳೆಯುವಾಗ ಸಣ್ಣ ಕಚ್ಚು ಕೈಗೆ ತಿಳಿಯಬೇಕು, ಅದಕ್ಕೆ ದುಬಾರಿ ಗ್ರಾಫೈಟ್ ಬೇಕು. ಇಲ್ಲಿ ಮೀನು ಕಚ್ಚಿದ್ದು ಕಣ್ಣಿಗೇ ಕಾಣುತ್ತದೆ. ಜಾಸ್ತಿ ಕೊಡುವುದೇ ಆದರೆ ತೂಕ ಕಮ್ಮಿ ಇರುವ ರಾಡ್‌ಗೆ ಕೊಡಿ. ಹಿಡಿಯ ಮೇಲೆ ಬರೆದಿರುವ ಲ್ಯೂರ್ ತೂಕವನ್ನೂ ಓದಿ. ಅರ್ಧದಿಂದ ಒಂದು ಔನ್ಸ್ ತನಕ ಇರುವುದು ನನಗೆ ಸರಿಹೋಗಿದೆ. ಸೂಪರ್ ಸ್ಪೂಕ್ ಜೂನಿಯರ್‌ನಿಂದ ದೊಡ್ಡ ಸೂಪರ್ ಸ್ಪೂಕ್ ತನಕ ಎಲ್ಲ ಅದರೊಳಗೆ ಬರುತ್ತವೆ. ರೀಲ್ 7:1 (ಹಿಡಿಕೆಯ ಒಂದು ಸುತ್ತಿಗೆ ದಾರದ ಸುರುಳಿ ಏಳು ಸುತ್ತು) ಆಸುಪಾಸಿನದು ಇರಲಿ, ಸಡಿಲ ದಾರವನ್ನು ಬೇಗ ಸುತ್ತಿಕೊಳ್ಳಬೇಕಲ್ಲ.

ಮನೆಯಲ್ಲಿ ಈಗಾಗಲೇ 7 ಅಡಿ ಮೀಡಿಯಂ ಹೆವಿ ಫಾಸ್ಟ್ ರಾಡ್ ಇದೆಯಾ? ಹಾಗಾದರೆ ಈ ವರ್ಷ ಹೊಸದು ಕೊಳ್ಳಬೇಡಿ. ಒಂದು ಸುರುಳಿ 17 ಪೌಂಡ್ ಮೋನೋ ತಂದು ರೀಲ್‌ಗೆ ತುಂಬಿಸಿ, ಡ್ರ್ಯಾಗ್ ಸ್ವಲ್ಪ ಸಡಿಲ ಮಾಡಿ, ಒಂದು ಸ್ಪೂಕ್ ಕಟ್ಟಿಕೊಳ್ಳಿ. ನೀರು 60 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಮೇಲೆ, ಬಿಸಿಲು ಏರುವ ಮುಂಚೆ ಹೋಗಿ. ಆ ಜೋಡಿಯಲ್ಲಿ ಮೀನು ಕಚ್ಚಿದರೂ ಕೈತಪ್ಪುತ್ತಲೇ ಇದ್ದರೆ ಆಗ ಮಾಡರೇಟ್ ಫಾಸ್ಟ್ ನೋಡೋಣ.