ಬೆಳಕಿನಿಂದ ಎಬ್ಬಿಸುವ ಅಲಾರಂ ಲ್ಯಾಂಪ್: ಎರಡು ವರ್ಷ ಬಳಸಿದ ಮೇಲೆ

ನಾನು ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವನು. ಬೆಳಿಗ್ಗೆ 4:45ಕ್ಕೆ ಏಳಲೇಬೇಕು. ಹನ್ನೊಂದು ವರ್ಷ ಫೋನಿನ ಅಲಾರಂ ಬಡಿದುಕೊಂಡಾಗ ಬೆಚ್ಚಿಬಿದ್ದೇ ಎದ್ದಿದ್ದೇನೆ. ಎದ್ದರೂ ಅರ್ಧ ಗಂಟೆ ಮಂಪರು ಬಿಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ 4,300 ರೂಪಾಯಿ ಕೊಟ್ಟು ಈ ಲ್ಯಾಂಪ್ ತರಿಸಿದೆ. ನಾವು ಇಟ್ಟ ಸಮಯಕ್ಕೆ ಅರ್ಧ ಗಂಟೆ ಮುಂಚೆ ಇದರಲ್ಲಿ ಕೆಂಡದಂಥ ಮಂದ ಬೆಳಕು ಶುರುವಾಗುತ್ತದೆ. ನಿಧಾನಕ್ಕೆ ಹಳದಿಯಾಗಿ, ಕೊನೆಗೆ ಬೆಳ್ಳಗಾಗುತ್ತದೆ. ಅಷ್ಟಕ್ಕೂ ಏಳದಿದ್ದರೆ ಹಕ್ಕಿಗಳ ದನಿ ಕೇಳಿಸುತ್ತದೆ.

ಮೊದಲ ವಾರ ಏನೂ ಪ್ರಯೋಜನ ಆಗಲಿಲ್ಲ. ಕಾರಣ ಸೊಳ್ಳೆ ಪರದೆ. ನಮ್ಮ ಪರದೆ ದಪ್ಪ ಬಟ್ಟೆಯದು, ಲ್ಯಾಂಪ್ ಇದ್ದದ್ದು ಆಚೆ ಕಿಟಕಿಯ ಕಟ್ಟೆ ಮೇಲೆ. ಮುಚ್ಚಿದ ರೆಪ್ಪೆಯೇ ಬೆಳಕನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಅದರ ಮೇಲೆ ಈ ಪರದೆ ಬೇರೆ! ತೆಳ್ಳಗಿನ ಬಲೆಯ ಪರದೆ ತಂದು, ಲ್ಯಾಂಪನ್ನು ಮುಖದಿಂದ ಒಂದೂವರೆ ಅಡಿ ದೂರಕ್ಕೆ ಇಟ್ಟ ಮೇಲೆ ಸರಿಹೋಯಿತು. ಕೊಳ್ಳುವವರು ಇದನ್ನು ಮೊದಲೇ ನೋಡಿಕೊಳ್ಳಿ.

ಎರಡನೇ ತಿಂಗಳ ಹೊತ್ತಿಗೆ ಬದಲಾವಣೆ ಚೆನ್ನಾಗಿ ಗೊತ್ತಾಯಿತು. ಎಚ್ಚರ ಆಗುವಾಗ ಎದೆ ಡವಡವ ಅನ್ನುವುದು ನಿಂತಿತು. ಬಹಳ ದಿನ ಹಕ್ಕಿ ಕೂಗುವ ಮೊದಲೇ ಕಣ್ಣು ಬಿಟ್ಟಿರುತ್ತಿದ್ದೆ.

ಆಮೇಲೆ ಒಂದು ರಾತ್ರಿ ಕರೆಂಟ್ ಹೋಯಿತು. ಒಳಗಿನ ಬಟನ್ ಸೆಲ್ ಸತ್ತಿತ್ತು. ಕರೆಂಟ್ ಬಂದಾಗ ಗಡಿಯಾರ 12:00ಕ್ಕೆ ಹೋಗಿ ಕೂತಿತ್ತು. ಬೆಳಕು ಬರಲಿಲ್ಲ, ಹಕ್ಕಿಯೂ ಕೂಗಲಿಲ್ಲ. ಆದರೂ ನನಗೆ ಎಚ್ಚರವಾಯಿತು. ಫೋನ್ ನೋಡಿದರೆ 4:41! ಆವತ್ತು ರೈಲಿನಲ್ಲಿ ದಾರಿಯುದ್ದಕ್ಕೂ ನನಗೆ ಅದೇ ಯೋಚನೆ. ಮಲಗಿದ್ದ ಮಿದುಳಿಗೆ ಸಮಯ ಹೇಳಿದವರು ಯಾರು?

ಹುಡುಕಿ ಓದಿದಾಗ ತಿಳಿದದ್ದು ಇಷ್ಟು. ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಮಿದುಳಿನ ಬುಡದಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಅಂತ ಹೆಸರು. ನಮ್ಮ ದೇಹದ ಮುಖ್ಯ ಗಡಿಯಾರ ಇದೇ. ಇದನ್ನು ಅದರ ಪಾಡಿಗೆ ಬಿಟ್ಟರೆ ಒಂದು ಸುತ್ತಿಗೆ ಸರಾಸರಿ 24 ಗಂಟೆ 10 ನಿಮಿಷದಷ್ಟು ತೆಗೆದುಕೊಳ್ಳುತ್ತದೆ. ಹಾಗಾಗಿ ದಿನಾ ಸ್ವಲ್ಪ ತಿದ್ದಬೇಕು. ತಿದ್ದುವುದು ಬೆಳಕು. ಕಣ್ಣಿನ ಹಿಂಪರದೆಯಲ್ಲಿ ನೋಡುವ ಕೋಶಗಳಲ್ಲದೆ, ಬೆಳಕು ಇದೆಯಾ ಇಲ್ಲವಾ ಅಂತ ಈ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವ ಬೇರೆ ಕೋಶಗಳೂ ಇವೆ. ನೀಲಿ ಬೆಳಕು ಅವನ್ನು ಹೆಚ್ಚು ತಟ್ಟುತ್ತದೆ. ಇಂಥ ಗಡಿಯಾರ ನೊಣದಲ್ಲೂ ಇದೆ. ಅದು ಹೇಗೆ ನಡೆಯುತ್ತದೆ ಅಂತ ತೋರಿಸಿದ ಹಾಲ್, ರೋಸ್‌ಬಾಶ್, ಯಂಗ್ ಅವರಿಗೆ 2017ರ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲೂ ಹಣ್ಣಿನ ನೊಣಗಳ ಮೇಲೆ ಈ ಕೆಲಸ ನಡೆದಿದೆ. ಓದಿ ಖುಷಿಯಾಯಿತು.

ನನ್ನ 4:41ಕ್ಕೆ ಉತ್ತರದಂತೆ ಕಂಡದ್ದು ಮಾತ್ರ 1999ರಲ್ಲಿ ಜರ್ಮನಿಯ ಲ್ಯೂಬೆಕ್‌ನಲ್ಲಿ ಯಾನ್ ಬಾರ್ನ್ ಮತ್ತು ಜೊತೆಗಾರರು ಮಾಡಿದ ಪ್ರಯೋಗ. ಹದಿನೈದು ಜನರನ್ನು ಮಲಗಿಸಿ, ಒಂದು ರಾತ್ರಿ 6 ಗಂಟೆಗೆ ಎಬ್ಬಿಸುತ್ತೇವೆ ಅಂದರು, ಇನ್ನೊಂದು ರಾತ್ರಿ 9ಕ್ಕೆ ಅಂದರು. 6ಕ್ಕೆ ಅಂತ ಗೊತ್ತಿದ್ದ ರಾತ್ರಿ, ಸುಮಾರು ಒಂದು ಗಂಟೆ ಮುಂಚೆಯಿಂದಲೇ ಎಸಿಟಿಎಚ್ ಎಂಬ ಹಾರ್ಮೋನು ರಕ್ತದಲ್ಲಿ ಏರತೊಡಗಿತು. ಎಚ್ಚರದ ಹೊತ್ತಿನ ಒತ್ತಡಕ್ಕೆ ದೇಹವನ್ನು ಅಣಿ ಮಾಡುವ ಹಾರ್ಮೋನು ಅದು. 9ಕ್ಕೆ ಅಂತ ಹೇಳಿ 6ಕ್ಕೇ ಎಬ್ಬಿಸಿದ ರಾತ್ರಿ ಆ ಏರಿಕೆ ಇರಲಿಲ್ಲ. ಅಂದರೆ ಮಲಗುವಾಗ ಮನಸ್ಸಿನಲ್ಲಿ ಇಟ್ಟುಕೊಂಡ ಸಮಯವನ್ನು ನಿದ್ದೆಯಲ್ಲೂ ಮಿದುಳು ಬಿಟ್ಟಿರಲಿಲ್ಲ. ಇದನ್ನು ಓದಿದ ದಿನ ನನ್ನ ದೇಹದ ಮೇಲೆ ನನಗೇ ಹೊಸ ಗೌರವ ಬಂತು.

ಹಾಗಾದರೆ ಲ್ಯಾಂಪ್ ದಂಡವಾ? ಖಂಡಿತ ಅಲ್ಲ. ನನ್ನ ದೇಹಕ್ಕೆ ಆ ಸಮಯವನ್ನು ರೂಢಿ ಮಾಡಿಸಿದ್ದೇ ಅದು. ಆದರೆ ಭಾನುವಾರವೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಎದ್ದರೆ ಮಾತ್ರ ಕೆಲಸ ಮಾಡುತ್ತದೆ. ಒಂದು ತಿಂಗಳು ಭಾನುವಾರ ಎಂಟರವರೆಗೆ ಮಲಗಿ ನೋಡಿದೆ. ಪ್ರತಿ ಸೋಮವಾರ ಹಳೆಯ ಮಂಪರು ವಾಪಸ್.

ದೊಡ್ಡ ತಪ್ಪು ಮಾಡಿದ್ದು ಮಗಳ ವಿಷಯದಲ್ಲಿ. ಹೋದ ವರ್ಷ ಅವಳು ಎಸ್ಎಸ್ಎಲ್‌ಸಿ. ನನಗೆ ಆದದ್ದು ಅವಳಿಗೂ ಆಗಲಿ ಅಂತ 4:45ಕ್ಕೇ ಅವಳ ತಲೆ ಹತ್ತಿರ ಲ್ಯಾಂಪ್ ಇಟ್ಟೆ. ಮಗು ಏಳುತ್ತಿತ್ತು, ಪುಸ್ತಕದ ಮುಂದೆ ತೂಕಡಿಸುತ್ತಿತ್ತು. ನಾನು ಬಯ್ದೆ. ಹದಿಹರೆಯದಲ್ಲಿ ಈ ಗಡಿಯಾರವೇ ತಡವಾಗಿ ಓಡುತ್ತದೆ, ರಾತ್ರಿ ಬೇಗ ನಿದ್ದೆ ಹತ್ತುವುದೇ ಇಲ್ಲ ಅಂತ ಆಮೇಲೆ ತಿಳಿಯಿತು. ಇನ್ನೊಂದು ವಿಷಯವೂ ಇದೆ. ದೇಹದ ಬಿಸಿ ರಾತ್ರಿಯಲ್ಲಿ ತೀರಾ ಇಳಿಯುವ ಹೊತ್ತೊಂದಿದೆ, ಸಾಮಾನ್ಯವಾಗಿ ತಾನಾಗಿ ಎಚ್ಚರವಾಗುವುದಕ್ಕೆ ಎರಡು ಮೂರು ಗಂಟೆ ಮೊದಲು. ಅದರ ನಂತರ ಬಿದ್ದ ಬೆಳಕು ಗಡಿಯಾರವನ್ನು ಬೇಗಕ್ಕೆ ಎಳೆಯುತ್ತದೆ. ಅದಕ್ಕೂ ಮೊದಲೇ ಬಿದ್ದರೆ ಇನ್ನಷ್ಟು ತಡಕ್ಕೆ ತಳ್ಳುತ್ತದೆ. ತಾನಾಗಿ ಏಳುವುದು ಎಂಟಕ್ಕೆ ಅಂದಮೇಲೆ ಅವಳಿಗೆ 4:45 ಇನ್ನೂ ನಡುರಾತ್ರಿಯೇ. ಅವಳದು ಸೋಮಾರಿತನ ಆಗಿರಲೇ ಇಲ್ಲ. ಅವಳ ಹತ್ತಿರ ಕೂತು ತಪ್ಪಾಯಿತು ಅಂದೆ. ಮನೆಯಲ್ಲಿ ಈ ವಯಸ್ಸಿನ ಮಕ್ಕಳಿದ್ದವರು ದಯವಿಟ್ಟು ಇದನ್ನು ನೆನಪಿಡಿ.

ಲ್ಯಾಂಪಿನ ಉಳಿದ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಸಮಯ ತೋರಿಸುವ ಅಂಕಿಗಳು ರಾತ್ರಿ ಜಾಸ್ತಿ ಹೊಳೆಯುತ್ತವೆ, ನಾನು ಕರ್ಚೀಫ್ ಮುಚ್ಚುತ್ತೇನೆ. ಹದಿನಾಲ್ಕನೇ ತಿಂಗಳಲ್ಲಿ ಒಂದು ಗುಂಡಿ ಕೈಕೊಟ್ಟಿತು. ವಾರಂಟಿ ಒಂದೇ ವರ್ಷ, ಹಾಗಾಗಿ ಊರಿನ ರೇಡಿಯೋ ರಿಪೇರಿಯವರ ಹತ್ತಿರ ಮಾಡಿಸಿದೆ. ಹಕ್ಕಿಯ ದನಿ ಯಾವ ದೇಶದ್ದೋ, ನಮ್ಮ ಮಡಿವಾಳ ಹಕ್ಕಿಯ ಸಿಳ್ಳೆಯಂತಿಲ್ಲ.

ಎಲ್ಲರಿಗೂ ಇದು ಬೇಕಾಗಿಲ್ಲ. ಇಂಥ ಲ್ಯಾಂಪ್ ನಿಜಕ್ಕೂ ಬೇಕಾದದ್ದು ಚಳಿಗಾಲದ ಕತ್ತಲೆ ಇರುವ ದೇಶಗಳಿಗೆ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವುದೇ 8 ಗಂಟೆ ದಾಟಿದ ಮೇಲೆ. ಬೆಂಗಳೂರಿನ ಕಡೆ ಮೇ ಕೊನೆಗೆ 5:50ರ ಸುಮಾರು, ಜನವರಿ ಕೊನೆಗೆ 6:45ರ ಸುಮಾರು. ವರ್ಷವಿಡೀ ಒಂದು ಗಂಟೆಯ ವ್ಯತ್ಯಾಸವೂ ಇಲ್ಲ. ನೀವು ಆರೂವರೆ, ಏಳಕ್ಕೆ ಏಳುವವರಾದರೆ ಪೂರ್ವದ ಕಿಟಕಿಯ ಪರದೆ ಸರಿಸಿ ಮಲಗಿ, ದುಡ್ಡು ಉಳಿಸಿ. ನನ್ನಂತೆ ನಸುಕಿಗೂ ಮೊದಲೇ ಏಳುವವರು ಧೈರ್ಯವಾಗಿ ಕೊಳ್ಳಬಹುದು.

ಈಗ ಲ್ಯಾಂಪ್ ಮಗಳ ಕೋಣೆಯಲ್ಲಿದೆ. 6:30ಕ್ಕೆ ಇಟ್ಟಿದ್ದೇವೆ, ಸಮಯ ಆರಿಸಿದ್ದು ಅವಳೇ. ಸೆಲ್ ಹೊಸದು ಹಾಕಿದ್ದೇನೆ. ನನ್ನ ಫೋನಿನಲ್ಲಿ 4:55ಕ್ಕೆ ಒಂದು ಅಲಾರಂ ಇದೆ. ಬಹಳ ದಿನ ಅದು ಬಡಿಯುವ ಮೊದಲೇ ಎದ್ದು ನಾನೇ ಆಫ್ ಮಾಡುತ್ತೇನೆ.